ಚಿತ್ರಕಥೆ ಬರೆಯೋಣ, ಐವರು ಕೂಡಿ

‘ಸಾರ್, ಮಗಳು ಒಂಬತ್ತನೇ ತರಗತಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ವಿಜ್ಞಾನದ ಮೇಷ್ಟ್ರಾದ ನೀವು ಮಕ್ಕಳಿಂದ ಸಿನಿಮಾ ಕಥೆ ಬರೆಸುತ್ತಿದ್ದೀರಂತಲ್ಲ?’

ಕಳೆದ ವರ್ಷ ಒಬ್ಬ ತಂದೆ ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಕೇಳಿದರು. ಪ್ರಶ್ನೆ ತಪ್ಪಲ್ಲ. ಕೂರಿಸಿ ಕಾರಣ ಹೇಳಿದೆ.

ಮಕ್ಕಳ ಪ್ರಯೋಗದ ನೋಟ್‌ಬುಕ್ ತೆರೆದರೆ ‘ಆಮ್ಲಜನಕ ಬಿಡುಗಡೆಯಾಯಿತು’ ಎಂದು ಬರೆದಿರುತ್ತಾರೆ. ಆಮ್ಲಜನಕವನ್ನು ಕಂಡವರು ಯಾರು? ಕಂಡದ್ದು ಗುಳ್ಳೆಗಳನ್ನು, ಆರುತ್ತಿದ್ದ ಕಡ್ಡಿ ಮತ್ತೆ ಹೊತ್ತಿಕೊಂಡದ್ದನ್ನು. ಮೊದಲು ಕಂಡದ್ದನ್ನು ಬರೆಯಿರಿ, ತೀರ್ಮಾನ ಆಮೇಲೆ ಎಂದು ಇಪ್ಪತ್ತೈದು ವರ್ಷಗಳಿಂದ ಹೇಳುತ್ತಲೇ ಇದ್ದೇನೆ. ಚಿತ್ರಕಥೆಯ ನಿಯಮವೂ ಇದೇ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಇವೆರಡನ್ನೇ ಬರೆಯಬೇಕು. ‘ಅವನಿಗೆ ದುಃಖವಾಯಿತು’ ಎಂದು ಕಥೆಗಾರ ಬರೆಯಬಹುದು. ಕ್ಯಾಮೆರಾಕ್ಕೆ ದುಃಖ ಕಾಣುವುದಿಲ್ಲ. ದುಃಖದಲ್ಲಿರುವವನು ಏನು ಮಾಡಿದ ಎಂಬುದು ಮಾತ್ರ ಕಾಣುತ್ತದೆ.

ಇದಕ್ಕೆ ಕ್ಯಾಮೆರಾ ಕೊಳ್ಳಬೇಕೆ? ಬೇಡ. 1919ರಲ್ಲಿ ಮಾಸ್ಕೋದಲ್ಲಿ ಸರ್ಕಾರಿ ಚಲನಚಿತ್ರ ಶಾಲೆ ಶುರುವಾದಾಗ ಅಲ್ಲಿ ಕಚ್ಚಾ ಫಿಲ್ಮಿಗೇ ಬರ. ಲೆವ್ ಕುಲೆಶೋವ್ ಎಂಬ ತರುಣ ಮೇಷ್ಟ್ರು ಕೈಕಟ್ಟಿ ಕೂರಲಿಲ್ಲ. ಅವರ ಶಿಷ್ಯರ ತಂಡ ಪುಟ್ಟ ಪುಟ್ಟ ಸನ್ನಿವೇಶಗಳನ್ನು ಹೆಣೆದು, ಸಿನಿಮಾದಂತೆಯೇ ತುಂಡು ತುಂಡಾಗಿ ವೇದಿಕೆಯ ಮೇಲೆ ಅಭಿನಯಿಸಿತು. ಅವನ್ನು ‘ಫಿಲ್ಮ್ ಇಲ್ಲದ ಫಿಲ್ಮು’ಗಳೆಂದೇ ಕರೆದರು. ಆ ತಂಡದಲ್ಲಿದ್ದ ಪುಡೋವ್‌ಕಿನ್ ಓದಿದ್ದು ವಿಜ್ಞಾನ! ಮುಂದೆ ಗಾರ್ಕಿಯ ‘ತಾಯಿ’ ಕಾದಂಬರಿಯನ್ನು 1926ರಲ್ಲಿ ಚಿತ್ರವಾಗಿಸಿದವರು ಅವರೇ.

ನಮ್ಮ ತರಗತಿಯಲ್ಲಿ ಐದೈದು ಮಕ್ಕಳ ಗುಂಪು. ಅಂದು ಕೊಟ್ಟ ವಾಕ್ಯ: ‘ತಂದೆಗೆ ಮಗನ ಮೇಲೆ ಸಿಟ್ಟು ಬಂದಿತ್ತು, ಆದರೂ ಪ್ರೀತಿ ಹೋಗಿರಲಿಲ್ಲ.’ ಸಂಭಾಷಣೆ ಇಲ್ಲದೆ ಒಂದು ಪುಟದಲ್ಲಿ ತೋರಿಸಬೇಕು. ಹೆಚ್ಚಿನ ಗುಂಪುಗಳಲ್ಲಿ ತಂದೆ ಹಲ್ಲು ಕಡಿದ, ಆಮೇಲೆ ಕಣ್ಣೀರು ಸುರಿಸಿದ. ಒಂದು ಗುಂಪು ಮಾತ್ರ ಹೀಗೆ ಬರೆದಿತ್ತು: ‘ತಂದೆ ಒಬ್ಬನೇ ಊಟ ಮುಗಿಸುತ್ತಾನೆ. ಮಗನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿಡುತ್ತಾನೆ. ದೀಪ ಆರಿಸುತ್ತಾನೆ. ಬಾಗಿಲ ಚಿಲಕ ಹಾಕುವುದಿಲ್ಲ.’

ಈ ಪುಟವನ್ನು ಆ ತಂದೆಗೆ ತೋರಿಸಿದೆ. ಅವರು ಎರಡು ಸಲ ಓದಿದರು. ‘ಸಾರ್, ಇದು ನಮ್ಮ ಮನೆಯದು. ದೊಡ್ಡವನು ತಡವಾಗಿ ಬಂದರೆ ನಾನು ಹೀಗೇ ಮುಚ್ಚಿಡುವುದು’ ಎಂದರು.

ನನಗೆ ಗಾಬರಿಯಾಯಿತು. ಪುಟದ ಅಕ್ಷರ ಗುಂಪಿನ ಮುಖಂಡನದು. ಕೆಳಗೆ ಅವನ ಹೆಸರಿಗೇ ನಾನು ‘ಶಹಬ್ಬಾಸ್’ ಬರೆದಿದ್ದೆ. ಮರುದಿನ ಹುಡುಗನನ್ನು ಕೇಳಿದೆ. ‘ಅವಳು ಹೇಳಿದಳು ಸಾರ್, ನಾನು ಬರೆದುಕೊಂಡೆ’ ಎಂದ. ಅವನಲ್ಲಿ ಕಪಟವಿರಲಿಲ್ಲ. ಯಾರು ಹೇಳಿದ್ದೆಂದು ನಾನು ಕೇಳಿರಲೇ ಇಲ್ಲ. ತರಗತಿಯಲ್ಲಿ ಬಾಯಿಬಿಡದ ಆ ಹುಡುಗಿ ತನ್ನ ಮಾತಿಗೆ ಬಂದ ಹೊಗಳಿಕೆ ಇನ್ನೊಬ್ಬರ ಪಾಲಾದಾಗಲೂ ಸುಮ್ಮನಿದ್ದಳು. ಮಕ್ಕಳಿಗೆ ‘ನೋಡಿ ಬರೆಯಿರಿ’ ಎನ್ನುವ ಮೇಷ್ಟ್ರು ತಾನೇ ನೋಡಿರಲಿಲ್ಲ. ತರಗತಿಯ ಎದುರೇ ತಪ್ಪೊಪ್ಪಿಕೊಂಡು ಅವಳ ಹೆಸರು ಬರೆದೆ.

ಅಂದಿನಿಂದ ಕ್ರಮ ಬದಲಾಯಿತು. ಮೊದಲ ಐದು ನಿಮಿಷ ಯಾರೂ ಮಾತಾಡಬಾರದು. ಪ್ರತಿಯೊಬ್ಬರೂ ಚೀಟಿಯಲ್ಲಿ ತಮಗೆ ಹೊಳೆದದ್ದನ್ನು ಬರೆಯಬೇಕು. ಐದೂ ಚೀಟಿಗಳನ್ನು ಓದಿದ ಮೇಲೆಯೇ ಚರ್ಚೆ. ಲೇಖನಿ ವಾರಕ್ಕೊಬ್ಬರ ಕೈಗೆ. ಬರೆದು ಮುಗಿಸಿದ ಪುಟವನ್ನು ಪಕ್ಕದ ಗುಂಪು ಏನೂ ಕೇಳದೆ ಅಭಿನಯಿಸಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಬರವಣಿಗೆ ಸೋತಿದೆ ಎಂದರ್ಥ. ನಿಮ್ಮ ಟಿಪ್ಪಣಿ ಓದಿ ಇನ್ನೊಬ್ಬರು ಅದೇ ಪ್ರಯೋಗ ಮಾಡಲಾಗದಿದ್ದರೆ ದೋಷ ಟಿಪ್ಪಣಿಯದು ತಾನೇ? ಒಬ್ಬನೇ ಬರೆದರೆ ಇದು ತಿಳಿಯುವುದಿಲ್ಲ. ಬರೆದವನಿಗೆ ಬರೆಯದೇ ಬಿಟ್ಟದ್ದೂ ಕಾಣುತ್ತಿರುತ್ತದೆ.

ಪಾಲಕರೇ, ಇದನ್ನು ಮನೆಯಲ್ಲೂ ಮಾಡಬಹುದು. ಭಾನುವಾರ ಟಿ.ವಿ.ಯ ಧ್ವನಿ ನಿಲ್ಲಿಸಿ ಯಾವುದಾದರೂ ಸಿನಿಮಾದ ಐದು ನಿಮಿಷ ಎಲ್ಲರೂ ಕೂತು ನೋಡಿ. ಕಂಡದ್ದನ್ನು ಬೇರೆಬೇರೆಯಾಗಿ ಬರೆದು ಹೋಲಿಸಿ. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಪ್ಪಿಹೋಗಿರುತ್ತದೆ. ಒಂದೇ ಎಚ್ಚರಿಕೆ: ಮನೆಯಲ್ಲಿ ಕಡಿಮೆ ಮಾತಾಡುವವರ ಚೀಟಿಯನ್ನು ಮೊದಲು ಓದಿ.