ಸಣ್ಣ ಅಂಗಡಿಗೆ ಸಿದ್ಧ ವೆಬ್‌ಸೈಟೇ ಸಾಕು

ತಲಕಾಡಿಗೆ ಬರುವವರು ಮನೆಯಿಂದ ಹೊರಡುವ ಮೊದಲೇ ಮೊಬೈಲಿನಲ್ಲಿ ಊಟ, ವಸತಿ, ತೆಪ್ಪ ಸವಾರಿ ಹುಡುಕುತ್ತಾರೆ. ಆದ್ದರಿಂದ ಇಲ್ಲಿನ ಸಣ್ಣ ವ್ಯಾಪಾರಿಗೂ ವೆಬ್‌ಸೈಟ್ ಬೇಕು. ಆದರೆ ಹೆಚ್ಚು ಹಣ ಕೊಟ್ಟು ಹೊಸದಾಗಿಯೇ ಮಾಡಿಸಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ.

2003ರಲ್ಲಿ ಬಂದ ವರ್ಡ್‌ಪ್ರೆಸ್ ತಂತ್ರಾಂಶ ಉಚಿತ. ಅದಕ್ಕೆ ಸಾವಿರಾರು ಸಿದ್ಧ ಟೆಂಪ್ಲೇಟ್‌ಗಳೂ ಉಚಿತ. ಡೊಮೈನ್, ಹೋಸ್ಟಿಂಗ್ ಶುಲ್ಕ ಕಟ್ಟಿದರಾಯಿತು. ಕಬಿನಿ, ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಇಲ್ಲಿ ತೆಪ್ಪ ನಿಲ್ಲುತ್ತದೆ. ‘ಇಂದು ತೆಪ್ಪವಿಲ್ಲ’ ಎಂಬ ಸಾಲನ್ನು ಮಾಲೀಕರೇ ಕೂಡಲೇ ಹಾಕುವಂತಿರಬೇಕು, ಮಾಡಿಕೊಟ್ಟವರಿಗಾಗಿ ಕಾಯುವಂತಿರಬಾರದು.

ದೊಡ್ಡ ರೆಸಾರ್ಟ್‌ಗಳಲ್ಲಿ ಬುಕಿಂಗ್, ಲೆಕ್ಕ ಎಲ್ಲ ಒಟ್ಟಿಗೆ ನಡೆಯಬೇಕು. ಅವರು ಬೇಕಾದಂತೆ ಮಾಡಿಸಿಕೊಳ್ಳಲಿ. ಯಾವುದೇ ಆದರೂ ಡೊಮೈನ್ ಮಾತ್ರ ಮಾಲೀಕರ ಹೆಸರಿನಲ್ಲೇ ಇರಲಿ. ನಮ್ಮ ಅಂಗಡಿಯ ಬೋರ್ಡನ್ನು ಬೇರೆಯವರ ಹೆಸರಿನಲ್ಲಿ ಬರೆಸುತ್ತೇವೆಯೇ?