ನಾನಿಗೆ ಕೆಲಸ ಇಲ್ಲವಂತೆ!

ದೀಪಾಂಜಲಿ ನಗರದ ನಮ್ಮ ಬೀದಿಯಲ್ಲಿ "ನಿಮ್ಮದು ಯಾವ ಊರು?" ಎಂದು ಕೇಳಿದರೆ ಯಾರೂ ದೀಪಾಂಜಲಿ ನಗರ ಎನ್ನುವುದಿಲ್ಲ. ಮಾಗಡಿ, ಕುಣಿಗಲ್, ಮಳವಳ್ಳಿ ಎನ್ನುತ್ತಾರೆ. ನಾವು ರಾಮನಗರದ ಕಡೆಯ ಒಂದು ಹಳ್ಳಿಯ ಹೆಸರು ಹೇಳುತ್ತೇವೆ. ಮೈಸೂರು ರಸ್ತೆಯಲ್ಲಿ ಬಸ್ ಹತ್ತಿದರಾಯಿತು. ನಾನಿ, ಮಾಮು ಈಗಲೂ ಅಲ್ಲೇ ಇದ್ದಾರೆ.

ಮೊನ್ನೆ ಆ ಹಳ್ಳಿಯ 2011ರ ಜನಗಣತಿ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದು ನೋಡಿದೆ. ಮನೆಗಳು, ಗಂಡಸರು, ಹೆಂಗಸರು, ಚಿಕ್ಕ ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ದುಡಿಯುವವರು ಎಲ್ಲ ಇದೆ. ಉರ್ದು ಮಾತಾಡುವ ಮನೆಗಳೆಷ್ಟು ಎಂಬುದು ಇಲ್ಲ. ಧರ್ಮದ ಪಟ್ಟಿ ತಾಲ್ಲೂಕಿನ ಮಟ್ಟಕ್ಕೇ ನಿಂತುಬಿಡುತ್ತದೆ. ಆ ಪಟ್ಟಿ ನೋಡಿದವರಿಗೆ ನಾವು ಅಲ್ಲಿದ್ದೇವೆ ಎಂದು ಗೊತ್ತಾಗುವುದೇ ಇಲ್ಲ.

ಆರ್ಟ್ಸ್ ಓದುವ ಗೆಳತಿಯೊಬ್ಬಳು ಇನ್ನೊಂದು ಲೆಕ್ಕ ತೋರಿಸಿದಳು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ಊರಿಗೆ ರಾಂಪುರ ಎಂಬ ಬೇರೆ ಹೆಸರು ಕೊಟ್ಟು ಬರೆದರು. ಜನ 1,523. ಒಕ್ಕಲಿಗರು 735, ಕುರುಬರು 235, ಮುಸ್ಲಿಮರು 179. ಅಂದರೆ ಊರಿನ ಮೂರನೇ ದೊಡ್ಡ ಗುಂಪು! ಸಿನಿಮಾದ ಹಳ್ಳಿಗಳಲ್ಲಿ ಇಷ್ಟು ಜನ ನಮ್ಮವರನ್ನು ನಾನಂತೂ ನೋಡಿಲ್ಲ.

ಆದರೆ ತಪ್ಪೆಲ್ಲ ಪಟ್ಟಿಯದೇ ಅಲ್ಲ, ನಮ್ಮದೂ ಇದೆ. ಕಳೆದ ವರ್ಷ ದಸರಾ ಸಮಯದಲ್ಲಿ ರಾಜ್ಯದ ಸಮೀಕ್ಷೆ ನಡೆದಾಗ ನಾನು ಊರಿನಲ್ಲೇ ಇದ್ದೆ. ಬಂದ ಟೀಚರ್ ನಾನಿಯ ಕೆಲಸ ಏನೆಂದು ಕೇಳಿದರು. "ಏನಿಲ್ಲ ಮೇಡಂ, ಮನೇಲಿರ್ತಾರೆ" ಎಂದರು ಮಾಮು. ಅವರು ಹಾಗೇ ಬರೆದುಕೊಂಡರು.

ನಾನಿ ಆ ಹೊತ್ತಿಗೆ ಒಳಗೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಎಷ್ಟು ಹಾಕಿದರೂ ಸಾಲದು. ಮಳೆ ಹರಿದು ಒದ್ದೆಯಾಗುವಂತಹ ಸದ್ದು ಮಾಡುತ್ತಾ ತಿನ್ನುತ್ತಿರುತ್ತವೆ. ನಾನಿ ರಾತ್ರಿ ಎರಡಕ್ಕೂ ಎದ್ದು ನೋಡುತ್ತಾರೆ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದೂ ಅವರೇ. ಗೂಡನ್ನು ಮಾರುಕಟ್ಟೆಗೆ ಒಯ್ಯುವುದು ಮಾಮು, ಆದ್ದರಿಂದ ದುಡಿಯುವವರು ಮಾಮು. ನಮ್ಮ ಅಕೌಂಟೆನ್ಸಿಯಲ್ಲಿ ಹಣದಲ್ಲಿ ಅಳೆಯಲಾಗದ್ದನ್ನು ಪುಸ್ತಕಕ್ಕೆ ಏರಿಸುವುದಿಲ್ಲ. ಜನಗಣತಿಯ ನಿಯಮ ಹಾಗಿಲ್ಲ. ಮನೆಯ ಕಸುಬಿನಲ್ಲಿ ಕೂಲಿ ಇಲ್ಲದೆ ದುಡಿದರೂ ಅದು ಕೆಲಸವೇ. ನಿಯಮ ಒಪ್ಪಿದ್ದನ್ನು ನಾವು ಒಪ್ಪುತ್ತಿಲ್ಲ.

2021ರಲ್ಲಿ ಆಗಬೇಕಿದ್ದ ಜನಗಣತಿ ಈಗ 2027ರ ಮಾರ್ಚ್ 1ರ ಲೆಕ್ಕಕ್ಕೆ ನಡೆಯಲಿದೆ. ಈ ಸಲ ಜಾತಿಯನ್ನೂ ಕೇಳುತ್ತಾರೆ. ಹಳ್ಳಿ ನೆಂಟು ಇರುವ ಗೆಳೆಯರೆಲ್ಲ ಅಷ್ಟರೊಳಗೆ ಮನೆಯಲ್ಲಿ ಕುಳಿತು ಮಾತಾಡಬೇಕು ಎಂಬುದು ನನ್ನ ಅಭಿಪ್ರಾಯ. ಭಾಷೆಯ ವಿಷಯವೂ ಅಷ್ಟೇ. ಉರ್ದು ಎಂದರೆ ಹೊರಗಿನವರು ಅಂದುಕೊಳ್ಳುತ್ತಾರೆಂದು ನಮ್ಮ ಹಿರಿಯರು ಅಳುಕುತ್ತಾರೆ. 2011ರಲ್ಲಿ ಮಾತೃಭಾಷೆಯ ಜೊತೆಗೆ ಗೊತ್ತಿರುವ ಬೇರೆ ಎರಡು ಭಾಷೆಗಳನ್ನೂ ಕೇಳಿದ್ದರು. ಉರ್ದು ಮೊದಲು, ಕನ್ನಡ ಅದರ ಪಕ್ಕದಲ್ಲಿ. ಎರಡೂ ನಿಜ, ಎರಡನ್ನೂ ಬರೆಸೋಣ. ನಾನಿ ಸೊಪ್ಪಿನ ರೇಟಿಗೆ ಪಕ್ಕದ ಹೊಲದ ಗೌಡರೊಂದಿಗೆ ಜಗಳವಾಡುವುದು ಕನ್ನಡದಲ್ಲೇ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಮಾಮು ನಕ್ಕರು. ನಾನಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳು ಸಾಕುತ್ತೇನೆ ಅಂತಲೇ ಬರೆಯುತ್ತಾರಾ?" ಎಂದು ಕೇಳಿದರು.