ತಲೆಬರಹಕ್ಕೆ ಒಬ್ಬನೇ ಹೀರೊ ಸಾಕೇ?

2018ರ ನವೆಂಬರ್ 3ರಂದು ಅಮೆರಿಕದ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು, ತನ್ನದೇ ಮೈದಾನದಲ್ಲಿ ಅಲಬಾಮಾ ಎದುರು 29–0ರಿಂದ ಸೋತಿತು. ಒಂದು ವರ್ಷ ಕಳೆದ ಮೇಲೆ ಅಲಬಾಮಾದ ಮೈದಾನಕ್ಕೇ ಹೋಗಿ 46–41ರಿಂದ ಗೆದ್ದಿತು. 2011ರ ನಂತರ ಆ ತಂಡದ ವಿರುದ್ಧ ಸಿಕ್ಕ ಮೊದಲ ಗೆಲುವು ಅದು. ಎರಡೂ ಸಲ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಜೋ ಬರೋ.

ಇದು ನಮ್ಮೂರಲ್ಲಿ ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಎಸೆಯುವ ಮುಖ್ಯ ಕೆಲಸ ಕ್ವಾರ್ಟರ್‌ಬ್ಯಾಕ್‌ನದು. 2018ರಲ್ಲಿ ಬರೋ ಎಸೆತಗಳಿಂದ ಬಂದ ಟಚ್‌ಡೌನ್ 16, ಮರುವರ್ಷ 60. ತಂಡ 15 ಪಂದ್ಯ ಆಡಿ ಹದಿನೈದನ್ನೂ ಗೆದ್ದು ಚಾಂಪಿಯನ್ ಆಯಿತು.

ಈ ಬದಲಾವಣೆಯ ಯಶಸ್ಸೆಲ್ಲ ಸಂದದ್ದು ಜೋ ಬ್ರಾಡಿ ಅವರಿಗೆ. 2019ರ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಿಂದ ಬಂದಾಗ ಅವರಿಗೆ 29 ವರ್ಷ. ಕ್ವಾರ್ಟರ್‌ಬ್ಯಾಕ್‌ನ ರಕ್ಷಣೆಗೆ ನಿಲ್ಲುತ್ತಿದ್ದವರನ್ನೂ ಚೆಂಡು ಹಿಡಿಯಲು ಓಡಿಸಿದರು. ಐದು ಜನ ಐದು ದಿಕ್ಕಿಗೆ ಓಡಿದರೆ ಎದುರಾಳಿಗಳೂ ಚದುರಲೇಬೇಕು. ಆ ಸಂದಿಯಲ್ಲಿ ಚೆಂಡು ತಟ್ಟನೆ ಹೊರಡುತ್ತದೆ. ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಅವರಿಗೆ ಬಂತು. ಅದಕ್ಕೆ ಅವರು ಅರ್ಹರೇ, ನಮ್ಮ ತಕರಾರಿಲ್ಲ.

ತಕರಾರಿರುವುದು ಕಥೆ ಅಲ್ಲಿಗೇ ಮುಗಿಯುವುದರ ಬಗ್ಗೆ. ಬ್ರಾಡಿ ಬರುವ ಮೊದಲೇ, 2019ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ಬರೋ ನಾಲ್ಕು ಟಚ್‌ಡೌನ್ ಎಸೆದಿದ್ದರು. ಚೆಂಡು ಹಿಡಿದ ಜಸ್ಟಿನ್ ಜೆಫರ್ಸನ್, ಜಮಾರ್ ಚೇಸ್ ಹಿಂದಿನ ವರ್ಷವೂ ತಂಡದಲ್ಲಿದ್ದವರೇ. ಆಕ್ರಮಣದ ಹೊಣೆ ಹೊತ್ತಿದ್ದವರು ಸ್ಟೀವ್ ಎನ್ಸ್‌ಮಿಂಗರ್, ಇದೇ ಎಲ್‌ಎಸ್‌ಯುಗೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದ ಹಿರಿಯರು. ಮಗನ ವಯಸ್ಸಿನವನೊಬ್ಬ ಬಂದು ತಮ್ಮ ಪುಸ್ತಕದ ಅರ್ಧ ಹಾಳೆ ಬದಲಿಸುವಾಗ ಜಾಗ ಬಿಟ್ಟುಕೊಟ್ಟರಲ್ಲ, ಅದು ಸಣ್ಣ ಕೆಲಸವಲ್ಲ. ಅದಕ್ಕೆ ಪ್ರಶಸ್ತಿಯೂ ಇಲ್ಲ.

2019ರ ಡಿಸೆಂಬರ್ 28ರಂದು ಸೆಮಿಫೈನಲ್ ನೋಡಲು ಹೊರಟಿದ್ದ ಅವರ ಸೊಸೆ ಕಾರ್ಲಿ ಮೆಕಾರ್ಡ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಕೆ ಕ್ರೀಡಾ ವರದಿಗಾರ್ತಿ, ನಮ್ಮ ಕಸುಬಿನವರು. ಸುದ್ದಿ ತಿಳಿದ ಮೇಲೂ ಎನ್ಸ್‌ಮಿಂಗರ್ ತಮ್ಮ ಜಾಗದಲ್ಲಿ ಕುಳಿತು ಕೆಲಸ ಮಾಡಿದರು. ಓಕ್ಲಹೋಮಾ ವಿರುದ್ಧ ತಂಡ 63–28ರಿಂದ ಗೆದ್ದಿತು.

ಸೀಸನ್ ಮುಗಿದ ಮೇಲೆ ಬ್ರಾಡಿ, ಬರೋ, ಜೆಫರ್ಸನ್ ವೃತ್ತಿಪರ ಲೀಗಿಗೆ ಹೋದರು. ಕೊರೊನಾ ವರ್ಷದಲ್ಲಿ ಚೇಸ್ ಆಡಲಿಲ್ಲ. ಎನ್ಸ್‌ಮಿಂಗರ್ ಉಳಿದರು. 2020ರಲ್ಲಿ ತಂಡ ಐದು ಗೆದ್ದು ಐದು ಸೋತಿತು. ಹಾಗಾದರೆ ಹಿಂದಿನ ವರ್ಷ ಗೆಲ್ಲಿಸಿದ್ದು ಬ್ರಾಡಿಯೋ ಬರೋನೋ ಎಂದು ಕೇಳುವುದೇ ತಪ್ಪು. ಅವರೆಲ್ಲ ಒಂದೇ ವರ್ಷ ಒಂದೇ ಕಡೆ ಸೇರಿದ್ದರು, ಒಬ್ಬರ ಮಾತು ಇನ್ನೊಬ್ಬರು ಕೇಳಿದ್ದರು.

'ದಿಢೀರ್' ಎಂಬ ಪದ ಸುದ್ದಿಮನೆಗೆ ಬಹಳ ಅನುಕೂಲ. ಹೊಸದಾಗಿ ಬಂದವರು ತಲೆಬರಹಕ್ಕೆ ಹೋಗುತ್ತಾರೆ. ಮೊದಲಿನಿಂದ ಇದ್ದವರು ಕೊನೆಯ ಪ್ಯಾರಾಕ್ಕೆ, ಜಾಗ ಸಾಲದಿದ್ದರೆ ಕತ್ತರಿಗೆ. ಆಟದ ಪುಟವಿರಲಿ, ಪಂಚಾಯಿತಿ ಸುದ್ದಿಯಿರಲಿ, ಏನೋ ಒಮ್ಮೆಲೇ ಸುಧಾರಿಸಿತು ಎಂದು ಬರೆಯುವ ಮುನ್ನ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಹೋದ ವರ್ಷ ಇಲ್ಲಿ ಯಾರಿದ್ದರು?